ಒಬ್ಬರ ಬಳಿ ಮಾತ್ರ ಸಿಗುವ ಫೋನ್: ಬೀಗ ಇದ್ದದ್ದು ಕಾಗದದಲ್ಲೋ, ಫೋನಿನಲ್ಲೋ?

ಓದುಗರಂಗ

ಅಮೆರಿಕದಲ್ಲಿ 2007ರ ಜೂನ್‌ನಿಂದ 2011ರ ಫೆಬ್ರವರಿವರೆಗೆ ಐಫೋನ್ ಬೇಕಂದ್ರೆ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಆಪರೇಟರ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಪಾಮ್ ಪ್ರೀಗೆ ಸ್ಪ್ರಿಂಟ್, ಬ್ಲ್ಯಾಕ್‌ಬೆರಿ ಸ್ಟಾರ್ಮ್‌ಗೆ ವೆರೈಝನ್, ಮೊದಲ ಆಂಡ್ರಾಯ್ಡ್ ಫೋನ್ ಜಿ1ಗೆ ಟಿ-ಮೊಬೈಲ್. ಈ ಒಪ್ಪಂದಗಳ ಬಗ್ಗೆ ಎಲ್ಲಿ ಓದಿದರೂ "ಮಾರುವ ಹಕ್ಕು ಒಬ್ಬರಿಗೇ" ಅನ್ನೋ ಒಂದು ಸಾಲು ಸಿಗುತ್ತೆ, ಅಲ್ಲಿಗೆ ಮುಗೀತು. ನನಗೆ ಅರ್ಥವಾಗದ್ದು ಎರಡು. ಗ್ರಾಹಕ ಎರಡು ವರ್ಷದ ಕರಾರು ಪೂರ್ತಿ ಮುಗಿಸಿದ ಮೇಲೂ ಆ ಫೋನ್ ಬೇರೆ ಕಂಪನಿಯಲ್ಲಿ ಯಾಕೆ ನಡೀತಿರಲಿಲ್ಲ? ಮತ್ತೆ, ತಯಾರಕರು ಇದಕ್ಕೆ ಯಾಕೆ ಒಪ್ಪಿದರು? ನಾಲ್ಕು ಕಡೆ ಇಟ್ಟರೆ ತಾನೇ ಹೆಚ್ಚು ಮಾರೋದು?

ಕರಾರುಪತ್ರ

ಮೂರು ಬೇರೆ ಬೇರೆ ಸಂಗತಿಗಳನ್ನು ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ತಯಾರಕ ಮತ್ತು ಆಪರೇಟರ್ ನಡುವಿನ ಒಪ್ಪಂದ ಒಂದು. ಆಪರೇಟರ್ ಮತ್ತು ಗ್ರಾಹಕರ ನಡುವಿನ ಎರಡು ವರ್ಷದ ಕರಾರು ಇನ್ನೊಂದು. ಫೋನಿನೊಳಗಿನ ಸಿಮ್ ಲಾಕ್, ಅಂದರೆ ಬೇರೆ ಆಪರೇಟರ್‌ನ ಸಿಮ್ ಒಪ್ಪದ ಬೀಗ, ಮತ್ತೊಂದು. ಮೂರಕ್ಕೂ ಬೇರೆ ಬೇರೆ ಅವಧಿ. ಒಂದು ಮುಗಿದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಐಫೋನನ್ನೇ ನೋಡಿ. ಆ್ಯಪಲ್–ಎಟಿ ಅಂಡ್ ಟಿ ಒಪ್ಪಂದ ಮೂಲತಃ ಐದು ವರ್ಷದ್ದು ಎಂಬುದು ಮುಂದೆ ನ್ಯಾಯಾಲಯದ ಕಡತಗಳಿಂದ ಹೊರಬಂತು. ಅದು ವಾಸ್ತವದಲ್ಲಿ ಮುಗಿದದ್ದು 2011ರ ಫೆಬ್ರವರಿ 10ರಂದು, ವೆರೈಝನ್ ಐಫೋನ್ 4 ಮಾರಲು ಶುರು ಮಾಡಿದಾಗ. ಆದರೆ 2007ರಲ್ಲಿ ಕೊಂಡವರ ಎರಡು ವರ್ಷ 2009ರಲ್ಲೇ ಮುಗಿದಿತ್ತು. ಅವರ ಫೋನಿನ ಸಿಮ್ ಲಾಕ್ ತೆಗೆಯಲು ಎಟಿ ಅಂಡ್ ಟಿ ಒಪ್ಪಿದ್ದು 2012ರ ಏಪ್ರಿಲ್ 8ರಂದು. ಅಂದರೆ ಕರಾರು ಮುಗಿದು ಮೂರು ವರ್ಷ ಸಮೀಪಿಸುವವರೆಗೆ, ಪೂರ್ತಿ ದುಡ್ಡು ಕೊಟ್ಟು ತನ್ನದಾದ ವಸ್ತು ಒಂದೇ ಜಾಲಕ್ಕೆ ಗಂಟು. ಅವಧಿಗೆ ಮೊದಲೇ ಕರಾರು ಮುರಿದು ದಂಡ ಕಟ್ಟಿದವರಿಗೂ ಅಷ್ಟೇ. ದಂಡ ಕಟ್ಟಿದರೆ ಬಿಲ್ ನಿಲ್ಲುತ್ತಿತ್ತು, ಬೀಗ ತೆರೆಯುತ್ತಿರಲಿಲ್ಲ.

ಬೇಸ್‌ಬ್ಯಾಂಡ್ ಭಟ್ಟ

ಆ ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಹೇಳ್ತೀನಿ.

ಸಿಮ್ ಒಳಗೆ ಐಎಂಎಸ್‌ಐ ಅಂತ ಒಂದು ಸಂಖ್ಯೆ ಇರುತ್ತೆ. ಅದರ ಮೊದಲ ಮೂರು ಅಂಕಿ ದೇಶ, ಮುಂದಿನ ಎರಡು ಅಥವಾ ಮೂರು ಅಂಕಿ ಜಾಲ. ಎಟಿ ಅಂಡ್ ಟಿ ಅಂದರೆ 310-410, ಟಿ-ಮೊಬೈಲ್ ಅಂದರೆ 310-260. ಫೋನ್ ಆನ್ ಆದಾಗ ಮೋಡೆಮ್ ಚಿಪ್ ಈ ಅಂಕಿಗಳನ್ನು ಓದಿ ತನ್ನಲ್ಲಿರೋ ಪಟ್ಟಿಗೆ ಹೋಲಿಸುತ್ತೆ. ಪಟ್ಟಿಯಲ್ಲಿ ಇಲ್ಲ ಅಂದ್ರೆ ತುರ್ತು ಕರೆ ಬಿಟ್ಟು ಬೇರೇನೂ ಬಿಡಲ್ಲ. ದೊಡ್ಡ ಆಪರೇಟರ್‌ನ ಟವರ್ ಬಾಡಿಗೆಗೆ ಪಡೆದು ನಡೆಸೋ ಸಣ್ಣ ಬ್ರ್ಯಾಂಡ್‌ಗಳ ಸಿಮ್‌ನಲ್ಲೂ ಇದೇ ಅಂಕಿಗಳು ಇರಬಹುದು. ಹಾಗಾಗಿ ಕೆಲವು ಫೋನ್‌ಗಳು ಜಿಐಡಿ1 ಅನ್ನೋ ಇನ್ನೊಂದು ಫೈಲನ್ನೂ ಓದ್ತವೆ. "ಟವರ್ ಅದೇ, ಅಂಕಿ ಅದೇ, ಆದರೂ ಸಿಮ್ ಹಿಡೀತಿಲ್ಲ" ಅಂತ ತಲೆ ಕೆಡಿಸಿಕೊಳ್ಳೋರು ನೋಡಬೇಕಾದ್ದು ಇಲ್ಲಿ.

ಹಳೇ ಜಿಎಸ್‌ಎಂ (ಸಿಮ್ ಬಳಸೋ ಜಾಲದ) ಫೋನ್‌ಗಳು ಮತ್ತೆ ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ ಬೀಗ ತೆಗೆಯೋದು ಕೋಡ್ ಮೂಲಕ. ಆ ಕೋಡ್ ಒಂದೊಂದು ಐಎಂಇಐಗೆ (ಫೋನಿನ ಗುರುತಿನ ಸಂಖ್ಯೆಗೆ) ಒಂದೊಂದು, ಆಪರೇಟರ್ ಕಡೆಯಿಂದ ಬರಬೇಕು. ಊಹೆ ಮಾಡಿ ಒತ್ತೋಕೆ ಹೋಗಬೇಡಿ. ತಪ್ಪು ಪ್ರಯತ್ನಗಳ ಎಣಿಕೆ ಮೋಡೆಮ್ ಒಳಗೇ ಇರುತ್ತೆ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಸೊನ್ನೆಗೆ ಬರಲ್ಲ. ಮಿತಿ ದಾಟಿದರೆ ಸರಿಯಾದ ಕೋಡ್ ಕೊಟ್ಟರೂ ತೆಗೆದುಕೊಳ್ಳಲ್ಲ. ಮಿತಿ ಎಷ್ಟು ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ.

ಐಫೋನ್‌ನಲ್ಲಿ ಒತ್ತೋಕೆ ಕೋಡೇ ಇಲ್ಲ. ಯಾವ ಐಎಂಇಐ ಯಾವ ಜಾಲಕ್ಕೆ ಸೇರಿದ್ದು ಅನ್ನೋ ದಾಖಲೆ ಆ್ಯಪಲ್ ಸರ್ವರ್‌ನಲ್ಲಿ. ಆಪರೇಟರ್ "ಇದನ್ನು ಬಿಡಿ" ಅಂತ ಕಳಿಸಬೇಕು, ಆ್ಯಪಲ್ ದಾಖಲೆ ಬದಲಿಸಬೇಕು, ಮುಂದಿನ ಸಲ ಆ್ಯಕ್ಟಿವೇಟ್ ಆಗುವಾಗ ಫೋನ್ ಹೊಸ ಟಿಕೆಟ್ ತಗೋಬೇಕು. 2007ರ ಆಗಸ್ಟ್‌ನಲ್ಲೇ ಐಫೋನ್ ಬಿಚ್ಚಿ ಬೀಗ ಒಡೆದವರಿದ್ದರು. ಸೆಪ್ಟೆಂಬರ್ ಕೊನೆಗೆ 1.1.1 ಅಪ್‌ಡೇಟ್ ಬಂತು, ಹಾಗೆ ಒಡೆದ ಎಷ್ಟೋ ಫೋನ್‌ಗಳು ಕೆಲಸಕ್ಕೆ ಬಾರದ ಇಟ್ಟಿಗೆಯಾದವು. ಮೋಡೆಮ್ ಸಾಫ್ಟ್‌ವೇರ್ ತಿದ್ದಿ ಪಡೆದ ಬಿಡುಗಡೆ ಮುಂದಿನ ಅಪ್‌ಡೇಟ್‌ವರೆಗೆ ಮಾತ್ರ. ಸರ್ವರ್ ದಾಖಲೆಯಿಂದ ಬಂದದ್ದು ಹಾಗೇ ಉಳಿಯುತ್ತೆ.

ಓದುಗರಂಗ

ಹಾಗಾದ್ರೆ ವೆರೈಝನ್, ಸ್ಪ್ರಿಂಟ್‌ನಲ್ಲಿ? ಅಲ್ಲಿ ಸಿಮ್ಮೇ ಇರಲಿಲ್ಲವಲ್ಲ.

ಬೇಸ್‌ಬ್ಯಾಂಡ್ ಭಟ್ಟ

ಇರಲಿಲ್ಲ. ಅದಕ್ಕೇ ಅಲ್ಲಿ ಬೀಗ ಇನ್ನೂ ಸಲೀಸು. ಆ ಇಬ್ಬರೂ ಬಳಸ್ತಿದ್ದ ಸಿಡಿಎಂಎ ಅನ್ನೋ ತಂತ್ರಜ್ಞಾನದ ಫೋನಿನ ಗುರುತು ಎಂಇಐಡಿ ಅನ್ನೋ ಸಂಖ್ಯೆ. ಆಪರೇಟರ್ ತಾನು ಮಾರಿದ ಫೋನ್‌ಗಳ ಎಂಇಐಡಿ ಪಟ್ಟಿ ಇಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಆ್ಯಕ್ಟಿವೇಟೇ ಮಾಡ್ತಿರಲಿಲ್ಲ. ರೇಡಿಯೊ ಹೊಂದಿದರೂ ವೆರೈಝನ್ ಫೋನ್ ಸ್ಪ್ರಿಂಟ್‌ನಲ್ಲಿ ದಾಖಲಾಗ್ತಿರಲಿಲ್ಲ. ಫೋನ್ ಒಳಗೆ ಒಡೆಯೋಕೆ ಏನೂ ಇಲ್ಲ, ಬೀಗ ಇರೋದು ಅವರ ಡೇಟಾಬೇಸ್‌ನಲ್ಲಿ. ವೆರೈಝನ್ ಐಫೋನ್ 4ರಲ್ಲಿ ಸಿಮ್ ಹಾಕೋ ಜಾಗವನ್ನೇ ಬಿಟ್ಟಿರಲಿಲ್ಲ.

ಲೆಕ್ಕದಮ್ಮ

ಬೀಗದ ವಿಚಾರ ಸರಿ, ಆದರೆ ಜನರನ್ನು ಕಟ್ಟಿಹಾಕಿದ್ದು ಬೆಲೆ. ಒಂದು ಲೆಕ್ಕ ಹಾಕೋಣ ಬನ್ನಿ.

ಮೊದಲ ಐಫೋನ್ 8 ಜಿಬಿ 599 ಡಾಲರ್‌ಗೆ ಬಂದು, 2007ರ ಸೆಪ್ಟೆಂಬರ್‌ನಲ್ಲಿ 399ಕ್ಕೆ ಇಳಿಯಿತು. 2008ರ ಜುಲೈನಲ್ಲಿ ಐಫೋನ್ 3ಜಿ 199ಕ್ಕೆ ಬಂತು, "ಅರ್ಧ ಬೆಲೆ" ಅಂತ ಎಲ್ಲರೂ ಕುಣಿದರು. ಈಗ ತಿಂಗಳ ಬಿಲ್ ನೋಡಿ. ಮೊದಲ ಫೋನಿಗೆ ಡೇಟಾ 20 ಡಾಲರ್, 200 ಎಸ್ಸೆಮ್ಮೆಸ್ ಅದರಲ್ಲೇ ಸೇರಿತ್ತು. 3ಜಿಗೆ ಡೇಟಾ 30, 200 ಎಸ್ಸೆಮ್ಮೆಸ್‌ಗೆ ಬೇರೆ 5. ಅಲ್ಲಿಗೆ ತಿಂಗಳಿಗೆ 15 ಡಾಲರ್ ಹೆಚ್ಚು, 24 ತಿಂಗಳಿಗೆ 360. ಫೋನಿನಲ್ಲಿ ಉಳಿದದ್ದು 200, ಬಿಲ್ಲಿನಲ್ಲಿ ಹೋದದ್ದು 360. ಅಗ್ಗದ ಫೋನ್ 160 ಡಾಲರ್ ದುಬಾರಿ!

ಇನ್ನು ಬಿಟ್ಟು ಹೋಗುವ ದಂಡ. ವೆರೈಝನ್ 2009ರ ನವೆಂಬರ್‌ನಿಂದ ಸ್ಮಾರ್ಟ್‌ಫೋನ್‌ಗೆ 350 ಡಾಲರ್ ಮಾಡಿತು, ಪ್ರತಿ ಪೂರ್ಣ ತಿಂಗಳಿಗೆ 10 ಇಳಿತ. 24 ತಿಂಗಳ ಕರಾರಿನಲ್ಲಿ 23 ತಿಂಗಳು ಕಳೆದರೂ 350ರಲ್ಲಿ 230 ಕಳೆದು 120 ಉಳಿಯುತ್ತದೆ. ಒಂದು ತಿಂಗಳಿಗೋಸ್ಕರ 120 ಡಾಲರ್. ಫೋನಿನ ಸಬ್ಸಿಡಿ ವಸೂಲಿಗೆ ದಂಡ ಅನ್ನುವುದಾದರೆ ಅದು 24ನೇ ತಿಂಗಳ ಹೊತ್ತಿಗೆ ಸೊನ್ನೆಗೆ ಬರಬೇಕಿತ್ತು. ಎಟಿ ಅಂಡ್ ಟಿ 2010ರ ಜೂನ್‌ನಲ್ಲಿ 175ರಿಂದ 325ಕ್ಕೆ ಏರಿಸಿತು, ಇಳಿತ ಅದೇ 10. 23 ತಿಂಗಳ ಮೇಲೆ 95 ಬಾಕಿ.

ಎರಡು ವರ್ಷ ಮುಗಿದ ಮೇಲೆ ಸಬ್ಸಿಡಿ ತೀರಿತು, ಬಿಲ್ ಕಡಿಮೆಯಾಗಬೇಕಲ್ಲವೇ? ಆಗುತ್ತಿರಲಿಲ್ಲ. ಹಳೇ ಫೋನ್ ಇಟ್ಟುಕೊಂಡವರು ಹೊಸ ಫೋನ್ ತಗೊಂಡವರಷ್ಟೇ ಕಟ್ಟುತ್ತಿದ್ದರು. 2013ರ ಮಾರ್ಚ್‌ನಲ್ಲಿ ಟಿ-ಮೊಬೈಲ್ ಫೋನಿನ ಕಂತನ್ನೂ ಸೇವೆಯ ಬಿಲ್ಲನ್ನೂ ಬೇರೆ ಮಾಡಿದ ಮೇಲೆ ಈ ಆಟ ಸಡಿಲವಾಯಿತು.

ಮುಕ್ತಪೇಟೆ

ಎಲ್ಲರೂ ಒಂದೇ ಕಡೆ ವಾಲ್ತಿದ್ದೀರಿ. ಒಂದು ಪ್ರಶ್ನೆ: ವೆರೈಝನ್‌ಗೂ ಐಫೋನ್ ಸಿಕ್ಕಿದ್ದರೆ ಡ್ರಾಯ್ಡ್ ಅನ್ನೋ ಆಂಡ್ರಾಯ್ಡ್ ಫೋನ್ ಬರುತ್ತಿತ್ತೇ? ಕೈಯಲ್ಲಿ ಐಫೋನ್ ಇಲ್ಲ ಅಂತಲೇ ಅವರು ಮೊಟೊರೊಲಾ, ಗೂಗಲ್ ಜೊತೆ ಕೂತು 2009ರ ನವೆಂಬರ್‌ನಲ್ಲಿ ಡ್ರಾಯ್ಡ್ ತಂದು ಜಾಹೀರಾತಿಗೆ ಹಣ ಸುರಿದದ್ದು. ಸ್ಪ್ರಿಂಟ್ 2010ರ ಜೂನ್‌ನಲ್ಲಿ ಎಚ್‌ಟಿಸಿ ಇವೊ 4ಜಿ ತಂದದ್ದೂ ಅದೇ ಹಸಿವಿಗೆ. ಆಂಡ್ರಾಯ್ಡ್‌ಗೆ ಅಮೆರಿಕದಲ್ಲಿ ಕಾಲೂರಲು ಜಾಗ ಕೊಟ್ಟದ್ದೇ ಈ ಏಕಸ್ವಾಮ್ಯ. ಇನ್ನು ಆ್ಯಪಲ್ 2007ರಲ್ಲಿ ಫೋನ್ ಮಾಡಿ ಅನುಭವವಿಲ್ಲದ ಕಂಪನಿ. ಮೊದಲು ವೆರೈಝನ್ ಬಾಗಿಲು ತಟ್ಟಿ ವಾಪಸಾಗಿತ್ತು. ವಿಷುಯಲ್ ವಾಯ್ಸ್‌ಮೇಲ್‌ಗಾಗಿ (ಧ್ವನಿ ಸಂದೇಶಗಳನ್ನು ಪಟ್ಟಿಯಾಗಿ ತೋರಿಸೋ ಸೌಲಭ್ಯ) ಆಪರೇಟರ್ ತನ್ನ ಜಾಲದ ಕಡೆಯಲ್ಲೇ ಬದಲಾವಣೆ ಮಾಡಬೇಕಿತ್ತು. ಮಾರಾಟದ ಹಕ್ಕು ತನಗೊಬ್ಬನಿಗೇ ಇಲ್ಲ ಅಂದರೆ ಯಾರು ಮಾಡ್ತಾರೆ ಆ ಕೆಲಸ?

ಕರಾರುಪತ್ರ

ಡ್ರಾಯ್ಡ್ ವಿಚಾರ ಒಪ್ಪುತ್ತೇನೆ, ಅದು ಗಟ್ಟಿ ವಾದ. ಆದರೆ ಅದೇ ಡ್ರಾಯ್ಡ್ ಪಾಮ್‌ಗೆ ಏನು ಮಾಡಿತು ನೋಡಿ. ಪ್ರೀ 2009ರ ಜೂನ್‌ನಲ್ಲಿ ಸ್ಪ್ರಿಂಟ್‌ನಲ್ಲಿ ಮಾತ್ರ ಬಂತು, ಹೊಗಳಿಕೆಯೂ ಬಂತು. ವೆರೈಝನ್ ಅಂಗಡಿಗೆ ಪ್ರೀ ಪ್ಲಸ್ ಆಗಿ ತಲುಪಿದ್ದು 2010ರ ಜನವರಿ. ಅಷ್ಟರಲ್ಲಿ ಅಲ್ಲಿ ಡ್ರಾಯ್ಡ್ ಬೇರು ಬಿಟ್ಟಿತ್ತು. ಏಪ್ರಿಲ್‌ನಲ್ಲಿ ಪಾಮ್ ಅನ್ನು ಎಚ್‌ಪಿ 120 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಪಾಮ್ ಮುಳುಗಲು ಬೇರೆ ಕಾರಣಗಳೂ ಇದ್ದವು, ಆದರೆ ಸಣ್ಣ ತಯಾರಕನಿಗೆ ಮೊದಲ ಏಳೆಂಟು ತಿಂಗಳೇ ಜೀವ. ಅದನ್ನು ಒಬ್ಬನ ಕೈಗೆ ಕೊಟ್ಟರೆ ಅವನ ಅಂಗಡಿಯ ನಸೀಬೇ ತನ್ನ ನಸೀಬು.

ತಯಾರಕನಿಗೆ ಏನು ಲಾಭ ಅಂತ ಮೊದಲೇ ಕೇಳಿದ್ದಿರಿ. ಮಾತುಕತೆಯ ಮೇಜಿನ ಮೇಲೆ ಇರುವುದು ಮುಖ್ಯವಾಗಿ ಇಷ್ಟು: ಇಂತಿಷ್ಟು ಫೋನ್ ಕೊಂಡೇ ಕೊಳ್ಳುತ್ತೇವೆ ಎಂಬ ಖಾತರಿ, ಗ್ರಾಹಕನಿಗೆ ಕೊಡುವ ಸಬ್ಸಿಡಿ, ಜಾಹೀರಾತಿನ ಖರ್ಚು ಯಾರದು, ಅಂಗಡಿಯಲ್ಲಿ ಯಾವ ಜಾಗ, ಬೆಲೆ ಇಳಿದರೆ ಗೋದಾಮಿನ ಸರಕಿನ ನಷ್ಟ ಯಾರ ತಲೆಗೆ. ಬದಲಿಗೆ ಆಪರೇಟರ್ ಕೇಳುವುದು ಅವಧಿ. ಅದರಲ್ಲೂ "ಏಕಸ್ವಾಮ್ಯ ಯಾವುದರ ಮೇಲೆ" ಎಂಬ ವ್ಯಾಖ್ಯೆಯಲ್ಲೇ ಜಗಳ. ಇಡೀ ಫೋನಿನ ಮೇಲೋ, ಒಂದು ಬಣ್ಣದ ಮೇಲೋ, ಒಂದು ಮೆಮೊರಿ ಗಾತ್ರದ ಮೇಲೋ, ಇಲ್ಲ ಆಪರೇಟರ್ ಅಂಗಡಿಗಳಲ್ಲಿ ಮಾರುವುದರ ಮೇಲೆ ಮಾತ್ರವೋ? 2016ರ ಪಿಕ್ಸೆಲ್ "ವೆರೈಝನ್‌ಗೆ ಮಾತ್ರ" ಎಂದು ಜಾಹೀರಾತಾಯಿತು. ಗೂಗಲ್ ತನ್ನ ಸ್ಟೋರ್‌ನಲ್ಲಿ ಅದನ್ನೇ ಅನ್‌ಲಾಕ್ ಮಾಡಿ ಮಾರುತ್ತಿತ್ತು. ಆಪರೇಟರ್‌ಗಳ ಪೈಕಿ ಮಾತ್ರ ವೆರೈಝನ್ ಒಬ್ಬನೇ.

ಈ ಸಂದಿಯನ್ನು ಚೆನ್ನಾಗಿ ಬಳಸಿದ್ದು ಸ್ಯಾಮ್‌ಸಂಗ್. 2010ರ ಗ್ಯಾಲಕ್ಸಿ ಎಸ್ ಒಂದೇ ಫೋನ್. ಎಟಿ ಅಂಡ್ ಟಿಗೆ ಕ್ಯಾಪ್ಟಿವೇಟ್, ಟಿ-ಮೊಬೈಲ್‌ಗೆ ವೈಬ್ರಂಟ್, ವೆರೈಝನ್‌ಗೆ ಫ್ಯಾಸಿನೇಟ್, ಸ್ಪ್ರಿಂಟ್‌ಗೆ ಜಾರುವ ಕೀಲಿಮಣೆ ಸೇರಿಸಿ ಎಪಿಕ್ 4ಜಿ. ಪ್ರತಿಯೊಬ್ಬರಿಗೂ "ನಮ್ಮಲ್ಲಿ ಮಾತ್ರ" ಎನ್ನಲು ಒಂದು ಹೆಸರು. ಹೊಡೆತ ಬಿದ್ದದ್ದು ಸಾಫ್ಟ್‌ವೇರ್‌ಗೆ: ಒಂದು ಅಪ್‌ಡೇಟನ್ನು ನಾಲ್ಕು ಸಲ ಸಿದ್ಧಪಡಿಸಿ ನಾಲ್ಕು ಆಪರೇಟರ್‌ಗಳ ಪರೀಕ್ಷೆಗೆ ಕಳಿಸಬೇಕು. 2012ರ ಎಸ್3 ಹೊತ್ತಿಗೆ ಎಲ್ಲರಿಗೂ ಒಂದೇ ಹೆಸರು.

ಲೆಕ್ಕದಮ್ಮ

ಖಾತರಿ ಅಂದಿರಲ್ಲ, ಅದರ ಇನ್ನೊಂದು ಮುಖ ಅಮೆಜಾನ್ ಫೈರ್ ಫೋನ್. 2014ರ ಜುಲೈನಲ್ಲಿ ಎಟಿ ಅಂಡ್ ಟಿಯಲ್ಲಿ ಮಾತ್ರ, ಕರಾರಿನ ಜೊತೆ 199 ಡಾಲರ್. ಸೆಪ್ಟೆಂಬರ್‌ನಲ್ಲಿ 99 ಸೆಂಟ್ಸ್. ಅಮೆಜಾನ್ ಬರೆದುಹಾಕಿದ ನಷ್ಟ 17 ಕೋಟಿ ಡಾಲರ್. ಫೋನ್ ಚೆನ್ನಾಗಿಲ್ಲದಿದ್ದರೆ ಏಕಸ್ವಾಮ್ಯ ಅದನ್ನು ಉಳಿಸಲ್ಲ, ಕೊಳ್ಳಬಹುದಾದವರ ಸಂಖ್ಯೆಯನ್ನು ಇನ್ನಷ್ಟು ಕತ್ತರಿಸುತ್ತದೆ, ಅಷ್ಟೇ.

ಉಲ್ಟಾ ಕೂಡ ಇದೆ. ಐಫೋನ್ ಎಲ್ಲರಿಗೂ ಸಿಗಲು ಶುರುವಾದಾಗ ಆ್ಯಪಲ್ ಕೇಳಿದ್ದು ಕನಿಷ್ಠ ಖರೀದಿ. ಸ್ಪ್ರಿಂಟ್ ನಾಲ್ಕು ವರ್ಷಕ್ಕೆ 1,550 ಕೋಟಿ ಡಾಲರ್ ಒಪ್ಪಿಕೊಂಡಿತು. ಕ್ರಿಕೆಟ್ ಬ್ರ್ಯಾಂಡ್ ನಡೆಸುತ್ತಿದ್ದ ಲೀಪ್ ಎಂಬ ಚಿಕ್ಕ ಕಂಪನಿ ಮೂರು ವರ್ಷಕ್ಕೆ 90 ಕೋಟಿ. ಮೊದಲು ಆಪರೇಟರ್ ತಯಾರಕನನ್ನು ಕಟ್ಟುತ್ತಿದ್ದ. ಆಮೇಲೆ ಹಗ್ಗದ ತುದಿ ಕೈ ಬದಲಾಯಿತು.

ತರಂಗಾಂತರ

ಯಾರೂ ಮುಟ್ಟದ ಬೀಗ ಒಂದಿದೆ. ರೇಡಿಯೊ ಬ್ಯಾಂಡ್, ಅಂದರೆ ಫೋನ್ ಮಾತಾಡೋ ತರಂಗಾಂತರದ ಪಟ್ಟಿ. ಕಾನೂನು ತಿದ್ದಿದರೂ ಕೋಡ್ ಒತ್ತಿದರೂ ಇದು ತೆರೆಯದು.

ಐಫೋನ್ 3ಜಿಯ 3ಜಿ ರೇಡಿಯೊ 850, 1900, 2100 ಮೆಗಾಹರ್ಟ್ಸ್. ಟಿ-ಮೊಬೈಲ್ ಅಮೆರಿಕದಲ್ಲಿ 3ಜಿ ಹಾಕಿದ್ದು ಎಡಬ್ಲ್ಯುಎಸ್ ಅನ್ನೋ ಬ್ಯಾಂಡ್‌ನಲ್ಲಿ: ಫೋನ್‌ನಿಂದ ಟವರ್‌ಗೆ 1710–1755, ಟವರ್‌ನಿಂದ ಫೋನ್‌ಗೆ 2110–2155. "2100 ಇದೆಯಲ್ಲ" ಅಂತ ಅನಿಸುತ್ತೆ. ಆದರೆ ಯುರೋಪಿನ 2100 ಬ್ಯಾಂಡ್‌ನಲ್ಲಿ ಫೋನ್ ಕಳಿಸೋದು 1920–1980ರಲ್ಲಿ. ಕೇಳಿಸಿಕೊಳ್ಳೋ ಕಿವಿ ಇದೆ, ಉತ್ತರ ಕೊಡೋ ಬಾಯಿ ಬೇರೆ ಕಡೆ. ಹಾಗಾಗಿ ಬೀಗ ಒಡೆದ ಐಫೋನ್ ಟಿ-ಮೊಬೈಲ್‌ನಲ್ಲಿ 1900ರ ಎಡ್ಜ್‌ಗೆ (ನಿಧಾನದ 2ಜಿ ಡೇಟಾಗೆ) ಬೀಳ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಸೇರಿಸಲು ಬರೋದಿಲ್ಲ. ಒಂದೊಂದು ಬ್ಯಾಂಡ್‌ಗೂ ಪವರ್ ಆಂಪ್ಲಿಫೈಯರ್ ದಾರಿ, ಡ್ಯುಪ್ಲೆಕ್ಸರ್ ಫಿಲ್ಟರ್, ಆಂಟೆನಾ ಹೊಂದಾಣಿಕೆ ಬೋರ್ಡ್ ಮೇಲೇ ಇರಬೇಕು. ಟಿ-ಮೊಬೈಲ್ ತನ್ನ 1900ಕ್ಕೆ 3ಜಿ ತಂದ ಮೇಲೆ ಆ ಹಳೇ ಫೋನ್‌ಗಳಿಗೆ ಜೀವ ಬಂತು.

ಹಳ್ಳಿಟವರ್

ಬ್ಯಾಂಡ್ ವಿಚಾರ ಎತ್ತಿದ್ದಕ್ಕೆ ಇದನ್ನು ಹೇಳಲೇಬೇಕು. ಸಣ್ಣ ಆಪರೇಟರ್‌ಗಳಿಗೆ ಕಾಗದದ ಒಪ್ಪಂದಕ್ಕಿಂತ ಹೆಚ್ಚು ಹೊಡೆದದ್ದು ಇದೇ.

2008ರ ಮೇನಲ್ಲಿ ಗ್ರಾಮೀಣ ಆಪರೇಟರ್‌ಗಳ ಸಂಘ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಗೆ ಅರ್ಜಿ ಹಾಕಿತು: ದೊಡ್ಡವರ ಏಕಸ್ವಾಮ್ಯ ಒಪ್ಪಂದ ನಿಲ್ಲಿಸಿ, ನಮ್ಮ ಪ್ರದೇಶದಲ್ಲಿ ಅವರ ಟವರೂ ಇಲ್ಲ, ನಮಗೆ ಆ ಫೋನೂ ಇಲ್ಲ. 2009ರ ಜೂನ್‌ನಲ್ಲಿ ಸೆನೆಟರ್ ಜಾನ್ ಕೆರಿ, ರೋಜರ್ ವಿಕರ್, ಬೈರನ್ ಡಾರ್ಗನ್, ಏಮಿ ಕ್ಲೋಬುಚರ್ ಎಫ್‌ಸಿಸಿಗೆ ಪತ್ರ ಬರೆದರು. ಜುಲೈನಲ್ಲಿ ವೆರೈಝನ್ ಒಂದು ರಾಜಿ ಸೂತ್ರ ಕೊಟ್ಟಿತು: 5 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಗ್ರಾಹಕರಿರುವ ಆಪರೇಟರ್‌ಗಳಿಗೆ ಆರು ತಿಂಗಳ ಮೇಲೆ ನಮ್ಮ ಏಕಸ್ವಾಮ್ಯ ಅಡ್ಡ ಬರುವುದಿಲ್ಲ. ಅರ್ಜಿಯಿಂದ ನಿಷೇಧದ ನಿಯಮ ಮಾತ್ರ ಹುಟ್ಟಲಿಲ್ಲ. ಅದೇ ಹೊತ್ತಿಗೆ ಫ್ರಾನ್ಸ್‌ನಲ್ಲಿ ಸ್ಪರ್ಧಾ ಮಂಡಳಿ 2008ರ ಡಿಸೆಂಬರ್‌ನಲ್ಲೇ ಆರೆಂಜ್‌ನ ಐಫೋನ್ ಏಕಸ್ವಾಮ್ಯಕ್ಕೆ ತಡೆ ಹಾಕಿ ಆಗಿತ್ತು.

ಈಗ 700 ಮೆಗಾಹರ್ಟ್ಸ್ ಕತೆ. ಕೆಳಗಿನ ಎ ಬ್ಲಾಕ್ (ಆ ತರಂಗಾಂತರದ ಒಂದು ತುಂಡು) ಅನೇಕ ಸಣ್ಣ ಆಪರೇಟರ್‌ಗಳ ಪಾಲಾಯಿತು. ಎ, ಬಿ, ಸಿ ಮೂರೂ ಸೇರಿ ಬ್ಯಾಂಡ್ 12, ಕಳಿಸುವ ಕಡೆ 699–716. ಎಟಿ ಅಂಡ್ ಟಿ ಬಿ, ಸಿ ಮಾತ್ರ ಸೇರಿದ ಬ್ಯಾಂಡ್ 17 ಹಿಡಿಯಿತು, 704–716. ಎ ಬ್ಲಾಕ್ ಪಕ್ಕದಲ್ಲೇ ಟಿವಿ ಚಾನೆಲ್ 51, ಅದರ ಅಡಚಣೆ ತಪ್ಪಿಸಲು ಎಂಬುದು ಕೊಟ್ಟ ಕಾರಣ. ಕಾರಣದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಪರಿಣಾಮ ನೋಡಿ: ತಯಾರಕರು ಎಟಿ ಅಂಡ್ ಟಿಗೆ ಬ್ಯಾಂಡ್ 17, ವೆರೈಝನ್‌ಗೆ ಬ್ಯಾಂಡ್ 13 ಫೋನ್ ಮಾಡಿದರು. 5 ಮೆಗಾಹರ್ಟ್ಸ್ ವ್ಯತ್ಯಾಸಕ್ಕೆ ಸಣ್ಣವರ ಜಾಲಕ್ಕೆ ಫೋನೇ ಇಲ್ಲ. ಸಾವಿರಗಟ್ಟಲೆ ಫೋನ್ ಬೇಕೆಂಬವರಿಗೆ ಪ್ರತ್ಯೇಕ ಮಾದರಿ ಮಾಡಿಕೊಡುವ ತಯಾರಕ ಎಲ್ಲಿದ್ದಾನೆ? ಏಕಸ್ವಾಮ್ಯದ ಒಂದು ಸಾಲೂ ಬರೆಯದೆ ಏಕಸ್ವಾಮ್ಯ. ಎಟಿ ಅಂಡ್ ಟಿ ಬ್ಯಾಂಡ್ 12 ಬೆಂಬಲಿಸುವ ಬದ್ಧತೆ ಕೊಟ್ಟು, 2013ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಅದನ್ನು ಆದೇಶ ಮಾಡಿದ ಮೇಲೆ ದಾರಿ ತೆರೆಯಿತು.

ಮುಕ್ತಪೇಟೆ

ಚಾನೆಲ್ 51 ಅಡಚಣೆ ನಿಜ ಅಂತ ನೀವೇ ಒಪ್ಪಿದಿರಿ, ಸಾಕು. 😀

ಹಳ್ಳಿಟವರ್

ನಿಜವೇ ಮಾರಾಯ್ರೆ. ಚಾನೆಲ್ 51 ಇರುವ ಊರುಗಳಲ್ಲಿ ನಿಜ. ಇಲ್ಲದ ಊರುಗಳಲ್ಲೂ ಫೋನ್ ಸಿಗಲಿಲ್ಲ ಅನ್ನೋದೇ ತಕರಾರು.

ಬೇಸ್‌ಬ್ಯಾಂಡ್ ಭಟ್ಟ

ಇನ್ನೊಂದು ಬಿಟ್ಟುಹೋಯ್ತು. ಒಂದೇ ಆಪರೇಟರ್ ಇದ್ದಾಗ ಅವನ ಜಾಲದ ಮಿತಿಯೇ ಫೋನಿನ ಮಿತಿ. 2009ರ ಜೂನ್‌ನಲ್ಲಿ ಐಫೋನ್ 3.0 ಸಾಫ್ಟ್‌ವೇರ್‌ನಲ್ಲಿ ಎಂಎಂಎಸ್ (ಚಿತ್ರ ಸಂದೇಶ), ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡೋದು) ಎರಡೂ ಬಂದವು. ಎಟಿ ಅಂಡ್ ಟಿ ಎಂಎಂಎಸ್ ಕೊಟ್ಟದ್ದು ಸೆಪ್ಟೆಂಬರ್ 25ಕ್ಕೆ, ಟೆದರಿಂಗ್ ಮುಂದಿನ ಜೂನ್‌ಗೆ, ಅದೂ ತಿಂಗಳಿಗೆ 20 ಡಾಲರ್ ಹೆಚ್ಚಿಗೆ. ಫೋನ್‌ನಲ್ಲಿ ಎಲ್ಲಾ ಸಿದ್ಧ. ಕ್ಯಾರಿಯರ್ ಬಂಡಲ್ ಅನ್ನೋ ಚಿಕ್ಕ ಸೆಟ್ಟಿಂಗ್ ಫೈಲ್‌ನಲ್ಲಿ ಆ ಬಟನ್ ಅಡಗಿಸಿಟ್ಟಿದ್ದರು. ಇಂಟರ್ನೆಟ್ ಕರೆಗಳದ್ದೂ ಇದೇ ಹಾಡು. ಗೂಗಲ್ ವಾಯ್ಸ್ ಆ್ಯಪ್ ಐಫೋನ್‌ಗೆ ಬರದೆ ಎದ್ದ ಗಲಾಟೆಯಲ್ಲಿ ಎಫ್‌ಸಿಸಿ ಪ್ರಶ್ನೆ ಕೇಳಿದ ಮೇಲೆ, 3ಜಿ ಮೇಲೆ ಇಂಟರ್ನೆಟ್ ಕರೆಗೆ ಎಟಿ ಅಂಡ್ ಟಿ 2009ರ ಅಕ್ಟೋಬರ್‌ನಲ್ಲಿ ಒಪ್ಪಿತು.

ಓದುಗರಂಗ

ತುಂಬಾ ಉಪಯೋಗವಾಯ್ತು. ಕೊನೆಗೊಂದು: ಆಪರೇಟರ್ ಮಾರಿದ ಅಮೆರಿಕನ್ ಫೋನ್ ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಏನೇನು ನೋಡಬೇಕು? ಯಾವ ಬೀಗ ಇದೆ ಅಂತ ತಿಳಿಯೋದು ಹೇಗೆ?

ಬೇಸ್‌ಬ್ಯಾಂಡ್ ಭಟ್ಟ

ದುಡ್ಡು ಕೊಡೋ ಮೊದಲು *#06# ಒತ್ತಿ ಐಎಂಇಐ ಬರೆದುಕೊಳ್ಳಿ. ಡಬ್ಬಿ ಮೇಲಿನದ್ದಲ್ಲ, ಪರದೆ ಮೇಲೆ ಬಂದದ್ದು. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ನಲ್ಲಿ ಕ್ಯಾರಿಯರ್ ಲಾಕ್ ಅನ್ನೋ ಸಾಲು ನೋಡಿ. ನಿರ್ಬಂಧ ಇಲ್ಲ ಅಂತ ಇದ್ದರೆ ಸಿಮ್ ಬೀಗ ಇಲ್ಲ. ಆಂಡ್ರಾಯ್ಡ್ ಆದರೆ ಬೇರೆ ಆಪರೇಟರ್‌ನ ಚಾಲ್ತಿ ಸಿಮ್ ಹಾಕಿ ಕರೆ ಮಾಡಿಯೇ ನೋಡಬೇಕು. ಸಿಗ್ನಲ್ ಕಡ್ಡಿ ಕಂಡರೆ ಸಾಲದು. ಫೋನಿನ ಕಂತು ಬಾಕಿ ಇದ್ದರೆ ಇವತ್ತು ಕೆಲಸ ಮಾಡಿದ್ದು ನಾಳೆ ಕಪ್ಪುಪಟ್ಟಿ ಸೇರಬಹುದು. ಅದು ಸಿಮ್ ಲಾಕ್‌ಗಿಂತ ಬೇರೆ ಸಮಸ್ಯೆ, ಅನ್‌ಲಾಕ್ ಮಾಡಿಸಿದರೆ ಹೋಗಲ್ಲ.

ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಾಫ್ಟ್‌ವೇರ್ ಎಬ್ಬಿಸೋ ಭಾಗ) ತೆರೆದು ಬೇರೆ ಸಾಫ್ಟ್‌ವೇರ್ ಹಾಕೋ ಆಸೆ ಇದ್ದರೆ ವೆರೈಝನ್ ಮಾರಿದ ಪಿಕ್ಸೆಲ್ ಬೇಡ. ಸಿಮ್ ಅನ್‌ಲಾಕ್ ಆಗಿದ್ದರೂ ಡೆವಲಪರ್ ಆಯ್ಕೆಗಳಲ್ಲಿ ಒಇಎಂ ಅನ್‌ಲಾಕಿಂಗ್ ಅನ್ನೋ ಬಟನ್ ಒತ್ತೋಕೆ ಬಾರದಂತೆ ಬೂದು ಬಣ್ಣದಲ್ಲೇ ಕೂತಿರುತ್ತೆ.

ತರಂಗಾಂತರ

ಬ್ಯಾಂಡ್ ಪರೀಕ್ಷೆಗೆ ಜಾಹೀರಾತಿನ ಪಟ್ಟಿ ನಂಬಬೇಡಿ. ಫೋನಿನ ಮೇಲೆ ಅಥವಾ ಸೆಟ್ಟಿಂಗ್ಸ್‌ನ ನಿಯಂತ್ರಣ ಮಾಹಿತಿಯಲ್ಲಿ ಎಫ್‌ಸಿಸಿ ಐಡಿ ಇರುತ್ತೆ. ಅದನ್ನು ಎಫ್‌ಸಿಸಿ ತಾಣದಲ್ಲಿ ಹಾಕಿದರೆ ರೇಡಿಯೊ ಪರೀಕ್ಷಾ ವರದಿ ಸಿಗುತ್ತೆ, ಯಾವ ಆವರ್ತನದಲ್ಲಿ ಕಳಿಸುತ್ತೆ ಅಂತ ಅದರಲ್ಲಿ ಅಂಕಿ ಸಮೇತ ಇದೆ. ಅಮೆರಿಕದಲ್ಲಿ ಬಳಕೆಯಲ್ಲಿರೋ ಬ್ಯಾಂಡ್‌ಗಳು ಮಾತ್ರ ಅಲ್ಲಿರುತ್ತವೆ ಅನ್ನೋದು ನೆನಪಿರಲಿ. ಬೇರೆ ದೇಶದ ಬ್ಯಾಂಡ್ ಅಲ್ಲಿ ಕಾಣದಿದ್ದರೆ ಫೋನ್‌ನಲ್ಲಿ ಇಲ್ಲ ಅಂತ ಅರ್ಥ ಅಲ್ಲ.

ಕರಾರುಪತ್ರ

ಕಾನೂನಿನ ಭಯ ಬೇಡ. 2013ರ ಜನವರಿ 26ರಿಂದ ಕೊಂಡ ಹೊಸ ಫೋನುಗಳ ಲಾಕ್ ಅನ್ನು ಆಪರೇಟರ್ ಅನುಮತಿಯಿಲ್ಲದೆ ತೆಗೆಯುವುದಕ್ಕೆ ಕೃತಿಸ್ವಾಮ್ಯ ಕಾನೂನಿನ ವಿನಾಯಿತಿ ತಪ್ಪಿಹೋಗಿತ್ತು. 1,14,000ಕ್ಕೂ ಹೆಚ್ಚು ಸಹಿಗಳ ಮನವಿ ಹೋಯಿತು, 2014ರ ಆಗಸ್ಟ್ 1ರಂದು ಅದನ್ನು ಮರಳಿ ಕೊಡುವ ಕಾಯ್ದೆಗೆ ಸಹಿ ಬಿತ್ತು. ಆದರೆ ಕಾಯ್ದೆ ಹೇಳುವುದು ತೆಗೆಯುವುದು ಅಪರಾಧವಲ್ಲ ಎಂದಷ್ಟೇ. ಆಪರೇಟರ್ ತೆಗೆದುಕೊಡಲೇಬೇಕು ಎಂದು ಅದರಲ್ಲಿಲ್ಲ.

ಹಳ್ಳಿಟವರ್

ಮತ್ತೆ, ಎಲ್ಲಾ ಬೀಗ ತೆಗೆದ ಮೇಲೂ ಒಂದು ಉಳಿಯುತ್ತೆ. 2022ರಲ್ಲಿ ಅಲ್ಲಿನ 3ಜಿ ಜಾಲಗಳು ಮುಚ್ಚಿದವು, ಎಟಿ ಅಂಡ್ ಟಿಯದ್ದು ಫೆಬ್ರವರಿಯಲ್ಲಿ, ವೆರೈಝನ್‌ದು ವರ್ಷದ ಕೊನೆಗೆ. ಈಗ ಕರೆ ಹೋಗಬೇಕಾದರೆ ವೋಲ್ಟೆ (4ಜಿ ಜಾಲದ ಮೇಲೆ ಕರೆ) ಬೇಕು. ಎಟಿ ಅಂಡ್ ಟಿ ಒಪ್ಪಿತ ಮಾದರಿಗಳ ಪಟ್ಟಿಯನ್ನೇ ಹೊರಡಿಸಿತು. ಫೋನ್‌ನಲ್ಲಿ ವೋಲ್ಟೆ ಇದ್ದು, ಬ್ಯಾಂಡ್ ಹೊಂದಿ, ಸಿಮ್ ಅನ್‌ಲಾಕ್ ಆಗಿದ್ದರೂ ಮಾದರಿ ಪಟ್ಟಿಯಲ್ಲಿ ಇಲ್ಲ ಅಂದರೆ ಕೆಲಸ ಕೆಟ್ಟಿತು. ಐಎಂಇಐನ ಮೊದಲ 8 ಅಂಕಿ ಮಾದರಿಯ ಗುರುತು. ಒಂದೇ ಹೆಸರಿನ ಫೋನಿಗೆ ಅಮೆರಿಕದ್ದು, ಹೊರಗಿನದ್ದು ಅಂತ ಆ 8 ಅಂಕಿ ಬೇರೆ ಇರಬಹುದು. ಹೆಸರು ನೋಡಿ ಕೊಂಡು ಕೆಡಬೇಡಿ, ಆಪರೇಟರ್ ತಾಣದ ಪರೀಕ್ಷೆಯಲ್ಲಿ 15 ಅಂಕಿಯನ್ನೂ ಹಾಕಿ ನೋಡಿ.

ಬೇಸ್‌ಬ್ಯಾಂಡ್ ಭಟ್ಟ

ಹೌದು, ಇದು ಮೇಲೆ ಹೇಳಿದ ಎಂಇಐಡಿ ಪಟ್ಟಿಯೇ, ಅಂಗಿ ಬದಲಾಗಿದೆ. ಮಾದರಿ ಸಂಖ್ಯೆಯ ಕೊನೆಯ ಅಕ್ಷರವನ್ನೂ ಬಿಡಬೇಡಿ, ಸ್ಯಾಮ್‌ಸಂಗ್‌ನಲ್ಲಿ ಯು, ಯು1, ಬಿ ಎಲ್ಲಾ ಬೇರೆ ಬೇರೆ ಹಾರ್ಡ್‌ವೇರ್ ಅಥವಾ ಸಾಫ್ಟ್‌ವೇರ್.